ಕಲ್ಲರೆ ಗೋಡೆಗೆ ಬಿದ್ದ ಸೊಟ್ಟು

ಚರ್ಚಿನ ಆರಾಧನೆ ಮುಗಿದ ಮೇಲೆ ಸಭೆಯ ಕಾರ್ಯದರ್ಶಿ ಎದ್ದು ನಿಂತು ಮುಂದೆ ಬರುವ ಕಾರ್ಯಕ್ರಮಗಳನ್ನು ಓದುತ್ತಿದ್ದರು. ನಾನು ಆ ಸಭೆಯವನಲ್ಲ. ಹಾರೆ ಪಕ್ಕಕ್ಕಿಟ್ಟು, ಜಗುಲಿಯ ಕಂಬಕ್ಕೆ ಒರಗಿ ಕೇಳುತ್ತ ನಿಂತಿದ್ದೆ. ಬರುವ ಭಾನುವಾರ ಕನ್ನಡದ ಆರಾಧನೆ, ಅದರ ಮುಂದಿನದು ತಮಿಳಿನದು. ಬುಧವಾರ ಹೆಂಗಸರ ಸಂಘ ಸೇರುವುದು, ಬೆಳಕಿರುವಾಗಲೇ ಮುಗಿಸಬೇಕು, ಆನೆ ಓಡಾಡುತ್ತಿವೆ. ಶನಿವಾರದಿಂದ ಕ್ರಿಸ್‌ಮಸ್ ಹಾಡಿನವರ ಅಭ್ಯಾಸ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: ಕಲ್ಲರೆ ಹಬ್ಬಕ್ಕೆ ಈ ಸಲ ಬಿಷಪ್ ಅಯ್ಯನವರೇ ಬರುತ್ತಾರೆ, ಹೊಸ ಗೋಡೆಯನ್ನು ಪ್ರಾರ್ಥಿಸಿ ಪ್ರತಿಷ್ಠೆ ಮಾಡುತ್ತಾರೆ, ಅಷ್ಟರೊಳಗೆ ಗೋಡೆ ಮುಗಿದಿರುತ್ತದೆ. ಮುಗಿದಿರುತ್ತದೆ ಎನ್ನುವಾಗ ಬಾಗಿಲಾಚೆ ಇದ್ದ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅಲ್ಲಿಯವರೆಗೆ ನಾನು ಒಪ್ಪಿಕೊಂಡ ಕೆಲಸ ಹೇಳಿದ ದಿನಕ್ಕೆ ಮುಗಿಯದೆ ಉಳಿದದ್ದು ಇರಲಿಲ್ಲ.

ಕಲ್ಲರೆ ಎಂದರೆ ಅವರ ಸಮಾಧಿ ಭೂಮಿ. ವರ್ಷಕ್ಕೊಂದು ದಿನ ಸಭೆಯವರೆಲ್ಲ ಅಲ್ಲಿಗೆ ಹೋಗಿ, ತಮ್ಮವರ ಕಲ್ಲಿಗೆ ಸುಣ್ಣ ಬಳಿದು, ಹೂವಿಟ್ಟು, ಮೊಂಬತ್ತಿ ಹಚ್ಚಿ, ಸತ್ತವರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಅದೇ ಕಲ್ಲರೆ ಹಬ್ಬ. ಅವರು ದೇವಾಲಯ ಎನ್ನುವ ಚರ್ಚು ಊರೊಳಗಿದ್ದರೆ ಕಲ್ಲರೆ ಊರಾಚೆ, ಕಾಡಿನ ಅಂಚಿನಲ್ಲಿ. ಅದರ ಕಾಡಿನ ಕಡೆಯ ಹಳೇ ಗೋಡೆಯನ್ನು ಆನೆಗಳು ಬೀಳಿಸಿದ್ದವು. ಹಂದಿಗಳು ನುಗ್ಗಿ ಹೊಸದಾಗಿ ಹೂತಿದ್ದ ಒಂದು ಗುಂಡಿಯನ್ನು ಕೆದಕಿದ್ದೂ ಆಗಿತ್ತು. ಅದಾದ ಮೇಲೆ ಕಲ್ಲುಗೋಡೆ ಕಟ್ಟುವ ನನಗೆ ನಮ್ಮೂರು ಗೆಟ್ಟವಾಡಿಗೆ ಹೇಳಿ ಕಳಿಸಿದರು.

ಮೊದಲ ದಿನ ಆ ಹಳೇ ಗೋಡೆ ನೋಡಿ ನನಗೆ ನಗು ಬಂತು. ಬಿದ್ದು ಉಳಿದದ್ದು ಮೊಣಕಾಲೆತ್ತರ ಇತ್ತು, ಅದೂ ಹಾವು ಹರಿದ ಹಾಗೆ. ಇಲ್ಲಿ ಒಳಕ್ಕೆ, ಅಲ್ಲಿ ಹೊರಕ್ಕೆ, ಹುಣಸೆಮರದ ಹತ್ತಿರವಂತೂ ಬಸುರಿ ಹೊಟ್ಟೆಯ ಹಾಗೆ ಉಬ್ಬಿತ್ತು.

"ಯಾವ್ ಕುಡುಕ್ನೋ ಕಟ್ಟವ್ನ ಕಣಕ್ಕ" ಅಂದೆ. ತಿಗನಾರೆಯಿಂದ ಕೂಲಿಗೆ ಬಂದಿದ್ದ ಹೆಂಗಸಿಗೆ ಹೇಳಿದ್ದು. ಅವಳೂ ಆ ಸಭೆಯವಳಲ್ಲ. ಕಲ್ಲು ಹೊರುವುದರಲ್ಲಿ ಗಂಡಾಳಿಗೆ ಕಡಿಮೆಯಿಲ್ಲ, ಮಾತಿನಲ್ಲಿ ಒಂದು ಕೈ ಮೇಲೆ.

"ಕಟ್ಟೋನ್ ಕುಡುಕ್ನೋ, ಕಲ್ಲ್ ಒತ್ತೋಳ್ ಕುಡುಕಿನೋ, ಆನೆ ಕೇಳ್ಕಂಡ್ ಬಂದು ಬೀಳ್ಸ್ತದಾ? ಸುಮ್ಕ ದಾರ ಕಟ್ಟು" ಅಂದಳು.

ದಾರ ಕಟ್ಟಿದೆ. ಅರಣ್ಯ ಇಲಾಖೆಯವರ ಗಡಿಕಲ್ಲು ಒಂದು ಹುಣಸೆಮರದ ಹತ್ತಿರ ಇತ್ತು. ಅರಣ್ಯ ಕಾವಲುಗಾರ ಬಂದು ಅದನ್ನು ತೋರಿಸಿ, ಇದರಾಚೆ ಕಲ್ಲಿಡಬೇಡಿ ಎಂದು ಹೇಳಿ ಹೋಗಿದ್ದ. ಹಾಗಾಗಿ ಗೇಟಿನ ಮೂಲೆಯಿಂದ ಹಳ್ಳದ ಮೂಲೆಯವರೆಗೆ, ಗಡಿಕಲ್ಲಿನ ಒಳಗೆ, ಒಂದೇ ನೇರ. ಹಳೇ ಸೊಟ್ಟುಗಳನ್ನೆಲ್ಲ ಕಿತ್ತು ಹಾಕಿದೆ.

ಆನೆ ಓಡಾಡುವ ಕಡೆ ನಾನು ಸಿಮೆಂಟು ಹಾಕುವುದಿಲ್ಲ. ಸಿಮೆಂಟಿನ ಗೋಡೆಯನ್ನು ಆನೆ ಒತ್ತಿದರೆ ಇಡೀ ಗೋಡೆ ಹಲಗೆಯ ಹಾಗೆ ಮಲಗುತ್ತದೆ. ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿದ ಒಣಗೋಡೆ ಒತ್ತಿದಲ್ಲಿ ಮಾತ್ರ ಸುರಿಯುತ್ತದೆ, ಮತ್ತೆ ಅದೇ ಕಲ್ಲು ಏರಿಸಬಹುದು. ಮೊದಲು ಗಟ್ಟಿನೆಲ ಸಿಗುವವರೆಗೆ ಪಾಯ ತೋಡಬೇಕು. ದೊಡ್ಡ ಕಲ್ಲು ಕೆಳಗೆ. ಒಳಗೊಂದು ಹೊರಗೊಂದು ಎರಡು ಮೈ ಎಬ್ಬಿಸಿ, ಎರಡೂ ಒಂದಕ್ಕೊಂದು ವಾಲುವ ಹಾಗೆ ತರಬೇಕು. ಹೊಟ್ಟೆಗೆ ಚೂರುಗಲ್ಲು ತುಂಬಬೇಕು, ಸುರಿಯಬಾರದು, ಕೈಯಲ್ಲಿಟ್ಟು ಬಿಗಿಯಬೇಕು. ಸಂದಿಯ ಮೇಲೆ ಸಂದಿ ಬರಬಾರದು. ಸೊಂಟದೆತ್ತರಕ್ಕೆ ಬಂದಾಗ ಕಚ್ಚುಗಲ್ಲು ಹಾಕಬೇಕು: ಉದ್ದವಾದ, ಚಪ್ಪಟೆಯಾದ ಕಲ್ಲು, ಈ ಮೈಯಿಂದ ಆ ಮೈಗೆ ಅಡ್ಡ ಹೋಗಿ ಎರಡನ್ನೂ ಹಿಡಿದುಕೊಳ್ಳುವಂಥದ್ದು. ಕಚ್ಚುಗಲ್ಲು ಸಿಗುವುದೇ ಕಷ್ಟ.

ಇಲ್ಲಿ ಸಿಕ್ಕವು. ಆ ವರ್ಷ ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ವರ್ಗವಾಗಿ ಬಂದಿದ್ದ ಹೊಸ ಪಾದ್ರಿಯನ್ನು ಸಭೆಯವರು ಅಯ್ಯನವರು ಎನ್ನುತ್ತಿದ್ದರು. ಚಿಕ್ಕ ವಯಸ್ಸು, ತಮಿಳು ಬೆರೆಸಿ ಕನ್ನಡ ಆಡುತ್ತಿದ್ದರು. ಕಲ್ಲು ಸಾಲದು ಎಂದಾಗ ಅವರು ಕಲ್ಲರೆಯ ಹಿಂಭಾಗ ತೋರಿಸಿದರು. ಮುಂಭಾಗದಲ್ಲಿ ಸಿಮೆಂಟಿನ ಸಮಾಧಿಗಳು, ಶಿಲುಬೆ, ಹೆಸರು. ಹಿಂದಿನ ಅರ್ಧಭಾಗ ಆಳೆತ್ತರದ ಲಂಟಾನದ ಪೊದೆ. "ಪೊದರು ಪೂರಾ ಕ್ಲೀನ್ ಪಣ್ಣಿ, ಬಿದ್ದಿರೋ ಕಲ್ಲೆಲ್ಲಾ ಎಡುತ್ಕೊಳ್ಳಿ ಮೇಸ್ತ್ರಿ, ವೇಸ್ಟಾಗಿ ಬಿದ್ದು ಕಿಡಕ್ಕುದು" ಅಂದರು. ಪೊದೆ ಸವರಿಸಿದೆವು. ಒಳಗೆ ಕಲ್ಲೋ ಕಲ್ಲು. ಕೆಲವು ಬಿದ್ದಿದ್ದವು, ಕೆಲವು ವಾಲಿ ನಿಂತಿದ್ದವು. ಉದ್ದ, ಚಪ್ಪಟೆ, ಕಚ್ಚಿಗೆ ಹೇಳಿ ಮಾಡಿಸಿದ ಹಾಗೆ. ಬುಡದಲ್ಲಿ ಒಂದು ಗೇಣು ಕೆಂಪುಮಣ್ಣಿನ ಕಲೆ, ಮೇಲೆ ಬೂದುಬಣ್ಣದ ಕಲ್ಲುಹೂವು. ಹಳೇ ಹೊಲದ ಗಡಿಕಲ್ಲು ಇರಬೇಕು ಅಂದುಕೊಂಡೆ.

ನಾವು ಶಿವನ ಒಕ್ಕಲು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಮೇಲೆ ಗದ್ದುಗೆ ಕಟ್ಟುತ್ತಾರೆ, ಬಡವನಾದರೂ ಮಣ್ಣಿನ ದಿಬ್ಬ, ಒಂದು ಪತ್ರೆ ಗಿಡ. ಬರೀ ಹೊಲದ ಕಲ್ಲೊಂದನ್ನು ನೆಟ್ಟು ಹೋಗುವುದನ್ನು ನಾನು ಕಂಡಿರಲಿಲ್ಲ, ಹಿಂದಿನ ವರ್ಷ ಬಳಿದಿದ್ದ ಸುಣ್ಣವೂ ಮಳೆಗೆ ತೊಳೆದುಹೋಗಿತ್ತು. ಇದನ್ನು ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ. ಇದ್ದದ್ದು ಹೀಗೆ.

ರಾಗಿ ತೆನೆ ಕಟ್ಟುವ ಕಾಲ. ಊರಿನವರೆಲ್ಲ ಹೊಲದ ಅಟ್ಟಣೆಯ ಮೇಲೆ ಆನೆ ಕಾಯುತ್ತಿದ್ದರು, ಹಗಲು ಬಂದು ಮಲಗುತ್ತಿದ್ದರು. ಕಲ್ಲರೆಯ ಕಡೆ ಯಾರೂ ಬರಲಿಲ್ಲ. ಕಾರ್ಯದರ್ಶಿ ಒಮ್ಮೆ ಬಂದು ಗೇಟಿನ ಹತ್ತಿರವೇ ನಿಂತು, ತಮ್ಮ ತಂದೆಯ ಸಿಮೆಂಟಿನ ಸಮಾಧಿ ಮುಟ್ಟಿ, ಗೋಡೆ ನೋಡಿ, "ಚೆಂದಾಗದ ಕಣಪ್ಪ" ಅಂದು ಹೋದರು. ಚೆನ್ನಾಗಿಯೇ ಇತ್ತು. ಮಧ್ಯೆ ಮಧ್ಯೆ ಮಳೆ ಹಿಡಿದರೂ ಬಿಡದೆ ಕಟ್ಟಿದೆವು. ಹುಣಸೆಮರದ ಎದುರಿಗೆ ಹಾಕಿದ ಒಂದು ಕಚ್ಚುಗಲ್ಲು ನನಗೆ ಈಗಲೂ ನೆನಪಿದೆ. ರಾಗಿ ಬೀಸುವ ಕಲ್ಲಿನ ಒಡೆದ ಅರ್ಧ, ಗೂಟದ ಕುಳಿಯೂ ಅರ್ಧ. ಅದು ಕೂತ ರೀತಿಗೆ ಒಂದು ಚೂರು ಚಕ್ಕೆಯೂ ಬೇಕಾಗಲಿಲ್ಲ. ನಾನೇ ಎರಡು ಸಲ ತಟ್ಟಿ ನೋಡಿ ಸಂತೋಷಪಟ್ಟೆ.

ಗೋಡೆಗೆ ಮೇಲುಗಲ್ಲು ಇಡುತ್ತಿದ್ದಾಗ ಆ ಮುದುಕಿ ಬಂದಳು. ಕಂಕುಳಲ್ಲಿ ಕುಡಗೋಲು, ಕೈಯಲ್ಲಿ ಡಬ್ಬಿ ತುಂಬ ಸುಣ್ಣ. ಒಣಗಿ ಕಡ್ಡಿಯಾಗಿದ್ದಳು, ಹೊಟ್ಟೆ ಮಾತ್ರ ಊದಿತ್ತು. ಗೇಟಿನಿಂದ ಹಿಂದಕ್ಕೆ ಬರುವಷ್ಟರಲ್ಲಿ ನಾಲ್ಕಾರು ಕಡೆ ಕೂತು ಎದ್ದಳು. ಪೊದೆ ಇದ್ದ ಜಾಗ ಬಟ್ಟಬಯಲಾಗಿದ್ದುದನ್ನು ನೋಡಿ ನಿಂತಳು. ಆಮೇಲೆ ಗೋಡೆಯನ್ನು ನೋಡಿದಳು.

"ಯಾರ್ಲಾ ಮೇಸ್ತ್ರಿ?"

"ನಾನೇ ಕಣವ್ವ."

"ನನ್ ಗಂಡನ್ನ ಎಲ್ಲಿಗಾಕ್ಬುಟ್ಟೆ?"

ನನಗೆ ಅರ್ಥವಾಗಲಿಲ್ಲ. ಕೂಲಿಯವಳಿಗೆ ಆಯಿತು. ಅವಳು ತಲೆಯ ಮೇಲಿನ ಕಲ್ಲನ್ನು ನಿಧಾನವಾಗಿ ಕೆಳಗಿಳಿಸಿ, ಅದರ ಬುಡದ ಕೆಂಪು ಕಲೆ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

ಮುದುಕಿ ಕೂಗಾಡಲಿಲ್ಲ. ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟು ಕೂತಳು. "ಬೀಸೋಕಲ್ಲು ಕಣಪ್ಪ. ನಮ್ಮನೇದೇ. ಅದು ಒಡ್ದೋಯ್ತು, ಅದ್ರ ಇಂದ್ಗುಟ್ಟೇ ಅಂವನೂ ಓದ. ಅರ್ಧ ಒತ್ಕಂಡ್ ಬಂದು ನೆಟ್ಟಿದ್ದಿ. ಚಾಮ್ರಾಜ್‌ನಗರದ ಆಸ್ಪತ್ರೇಲಿ ಇನ್ ಮನಗ ಓಗಮ್ಮಾ ಅಂದ್ಬುಟ್ರು. ಈ ಸಲ ಅವ್ನಿಗ ನಾ ಸುಣ್ಣ ಬಳೀತೀನಿ, ಬರೋ ಸಲ್ಕ ನಂಗೂ ಸೇರ್ಸಿ ಯಾರಾದ್ರೂ ಬಳೀತಾರ, ಅವ್ನ ಪಕ್ಕದಲ್ಲೇ ಇಟ್ರ ಸಾಕು ಅಂದ್ಕಂಡಿದ್ದಿ." ಆಮೇಲೆ ನನ್ನನ್ನು ನೋಡಿ ಕೇಳಿದಳು: "ಈಗ ಪಕ್ಕ ಅಂದ್ರ ಎಲ್ಲಿ, ಮೇಸ್ತ್ರಿ?"

ನಾನು ದಾರ ಸುತ್ತಿಟ್ಟು ಕೆಲಸ ನಿಲ್ಲಿಸಿದೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ದೇವಾಲಯದ ಜಗುಲಿಯಲ್ಲಿ ಜನ ಸೇರಿದರು. ಸಿಮೆಂಟಿನ ಸಮಾಧಿಯವರು ಮುಂದೆ ಬೆಂಚಿನ ಮೇಲೆ, ಬರೀ ಕಲ್ಲಿನವರು ಅಂಗಳದಲ್ಲಿ ನಿಂತು. ಒಬ್ಬಳ ಇಬ್ಬರು ಎಳೆಮಕ್ಕಳು ಆ ಕಲ್ಲುಗಳ ಕೆಳಗಿದ್ದರು, ಒಬ್ಬನ ತಾಯಿ, ಒಬ್ಬನ ಅಣ್ಣ. ಅಯ್ಯನವರು ಎದ್ದು ನಿಂತರು. "ನಾನೇ ಸೊನ್ನದು, ಎತ್ಕೊಳ್ಳಿ ಅಂತ, ಮೇಸ್ತ್ರಿ ಮೇಲೆ ತಪ್ಪಿಲ್ಲ" ಎಂದು ಎರಡು ಸಲ ಹೇಳಿದರು. ಆ ಮಾತಿಗೆ ನಾನು ಅವರಿಗೆ ಮರ್ಯಾದೆ ಕೊಡುತ್ತೇನೆ.

ಕಾರ್ಯದರ್ಶಿ ಒಂದು ದಾರಿ ಹೇಳಿದರು. ಹಿಂದೆ ಸಾಲಾಗಿ ಸಿಮೆಂಟಿನ ಶಿಲುಬೆ ನೆಡಿಸೋಣ, ಮನೆಗೊಂದು. ಮಣ್ಣೆಲ್ಲಾ ದೇವರದ್ದೇ. ಬಿಷಪ್ಪರಿಗೆ ಹೇಳಿ ಆಗಿದೆ, ಗೋಡೆಗೆ ಹಾಕುವ ಫಲಕ ಕೆತ್ತಿಸಿ ಆಗಿದೆ.

ಅಂಗಳದಿಂದ ಒಬ್ಬ ಹೇಳಿದ: "ನಿಮ್ಮಪ್ಪುನ್ ಮೇಲ್ಗಡೆಯ ಕಲ್ಲ ಕಿತ್ತು ಇನ್ನೆಲ್ಲೋ ನೆಡ್ತೀವಿ, ಮಣ್ಣೆಲ್ಲಾ ದೇವ್ರುದ್ದೇ ತಾನೇ. ಆದೀತಾ?"

"ಮಾತ್ ಬಿಗಿಯಿಡ್ದ್ ಆಡ್ಲಾ."

"ಬಿಗಿಯಿಡ್ದೇ ಆಡ್ತಾವ್ನಿ."

ನಾನು ಹೊರಗಿನವನು. ಸುಮ್ಮನೆ ಎದ್ದು ಹೋಗಬಹುದಿತ್ತು. ಗೋಡೆ ಕಟ್ಟು ಅಂದರು, ಕಟ್ಟಿದ್ದೆ. ಆದರೆ ನಮ್ಮಪ್ಪನ ಗದ್ದುಗೆ ಹೊಲದ ಮೂಲೆಯಲ್ಲಿದೆ, ನನ್ನ ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಮುಟ್ಟುತ್ತೇನೆ. ಮುದುಕಿ ಕೇಳಿದ ಮಾತು ರಾತ್ರಿಯೆಲ್ಲ ಕಿವಿಯಲ್ಲಿತ್ತು. ಇನ್ನೊಂದು ವಿಷಯವೂ ನನ್ನ ತಲೆಯಲ್ಲಿ ಓಡುತ್ತಿತ್ತು. ಕಲ್ಲು ಹೊರುವವರು ಯಾವಾಗಲೂ ಹತ್ತಿರದ ಕಲ್ಲನ್ನೇ ಮೊದಲು ಹೊರುತ್ತಾರೆ. ದೂರದ್ದನ್ನು ಯಾರೂ ಮೊದಲು ತರುವುದಿಲ್ಲ. ನಾವು ಗೇಟಿನ ಮೂಲೆಯಿಂದ ಹಳ್ಳದ ಮೂಲೆಗೆ ಕಟ್ಟುತ್ತ ಹೋಗಿದ್ದೆವು. ಪೊದೆ ಸವರಿದ್ದೂ ಅದೇ ಕ್ರಮದಲ್ಲಿ. ಅಂದಮೇಲೆ ಗೋಡೆಯ ಯಾವ ತುಂಡಿನಲ್ಲಿ ಕಲ್ಲಿದೆಯೋ ಅದರ ಎದುರಿನ ನೆಲದಿಂದಲೇ ಅದು ಬಂದಿರಬೇಕು. ಕಟ್ಟಿದ ಕ್ರಮವನ್ನೇ ಹಿಂದಕ್ಕೆ ತಿರುಗಿಸಿ ಬಿಚ್ಚಿದರೆ ಕಲ್ಲಿಗೆ ಅದರ ನೆಲ ಸಿಗಬಹುದು. ಖಂಡಿತ ಅಂತ ಹೇಳಲಾರೆ. ಸಿಗಬಹುದು.

ಎದ್ದು ಹೇಳಿದೆ: "ಗ್ವಾಡೆ ಬಿಚ್ತೀನಿ."

"ಅಬ್ಬಕ್ಕ ಮುಂಚ ಮತ್ತ ಕಟ್ಟಕ್ಕಾಯ್ತದಾ?" ಕಾರ್ಯದರ್ಶಿ ಕೇಳಿದರು.

"ಆಗಲ್ಲ."

ಹೇಳಿದ ದಿನಕ್ಕೆ ಆಗಲ್ಲ ಎಂದು ನನ್ನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಯ್ಯನವರು ಕಾರ್ಯದರ್ಶಿಯ ಕಡೆ ನೋಡದೆ, "ಬಿಚ್ಚಿ" ಅಂದರು.

ಕಟ್ಟಿದ ಗೋಡೆಯನ್ನು ಕಟ್ಟಿದವನೇ ಬಿಚ್ಚುವುದು ಎಂಥದ್ದು ಎಂದು ಬೇರೆಯವರಿಗೆ ಹೇಳಲಾಗದು. ಬೀಳಿಸುವುದಾಗಿದ್ದರೆ ಅರ್ಧ ದಿನದ ಕೆಲಸ. ಇದು ಬೀಳಿಸುವುದಲ್ಲ. ಹಳ್ಳದ ಮೂಲೆಯಿಂದ ಶುರುಮಾಡಿ ಒಂದೊಂದೇ ಕಲ್ಲು ತೆಗೆದು, ಬುಡ ನೋಡಿ, ಕೆಂಪು ಕಲೆ ಇದ್ದದ್ದನ್ನು ಬೇರೆ ಇಟ್ಟು, ಎದುರಿನ ನೆಲಕ್ಕೆ ಹೊತ್ತು, ಅಲ್ಲಿ ಹಾರೆಯಿಂದ ತಿವಿದು ನೋಡುವುದು. ಮುಟ್ಟದ ನೆಲಕ್ಕೆ ಹಾರೆ ಬಿದ್ದರೆ ಕೈಗೆ ಜುಮ್ ಎನ್ನುತ್ತದೆ. ಒಮ್ಮೆ ತೋಡಿ ಮುಚ್ಚಿದ ನೆಲ ಎಷ್ಟು ವರ್ಷವಾದರೂ ಹಾರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸಪ್ಪಳ ಮಂದವಾಗುತ್ತದೆ. ಗೇಣಿನಷ್ಟು ತಿವಿದು ನಿಲ್ಲಿಸುತ್ತಿದ್ದೆ. ಇನ್ನೂ ಆಳಕ್ಕೆ ಹೋಗಲು ಮನಸ್ಸು ಬರಲಿಲ್ಲ.

ಕೂಲಿಯವಳು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದಳು. "ಇದು ಬೇಲಿಕತ್ತಾಳೆ ಅತ್ರದ್ದು, ನನ್ ತಲೆ ಗಾಯ ಮಾಡಿತ್ತು. ಇದು ಅಲ್ಲಲ್ಲ, ಆಚ್ಗ, ಆಚ್ಗ" ಎನ್ನುತ್ತ ನಡೆಯುತ್ತಿದ್ದಳು. ಮಳೆ ಸುರಿದರೆ ಗೋಣಿ ಹೊದ್ದು ನಿಲ್ಲುತ್ತಿದ್ದೆವು. ಹಾಡಿನ ಅಭ್ಯಾಸದವರು ಹಾಡು ಬಿಟ್ಟು ಬಂದು ಕಲ್ಲಿಗೆ ಕೈಕೊಟ್ಟರು. ಬುಧವಾರ ಹೆಂಗಸರ ಸಂಘ ಕಲ್ಲರೆಯಲ್ಲೇ ಸೇರಿತು. ತಮ್ಮ ಕಲ್ಲು ಸಿಕ್ಕವರು ಅದನ್ನು ನೆಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಜಗಳವೂ ಆಯಿತು. ಒಂದೇ ಕಲ್ಲನ್ನು ಎರಡು ಮನೆಯವರು ತಮ್ಮದು ಅಂದರು, ಎರಡೂ ಮನೆಯವರು ಅಳುತ್ತಲೇ ಬೈದಾಡಿಕೊಂಡರು. ಆ ಎರಡು ಮನೆಗಳ ನಡುವೆ ಇವತ್ತಿಗೂ ಮಾತಿಲ್ಲ. ಕೆಲವು ಕಲ್ಲುಗಳಿಗೆ ನೆಲ ಸಿಕ್ಕಲೇ ಇಲ್ಲ. ಕೆಲವು ಮೆತ್ತನೆಯ ನೆಲಕ್ಕೆ ಕಲ್ಲು ಸಿಕ್ಕಲಿಲ್ಲ.

ಬೀಸುವ ಕಲ್ಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹುಣಸೆಮರದ ಎದುರು, ಸೊಂಟದೆತ್ತರ. ಅಲ್ಲಿಗೆ ತಲುಪುವ ದಿನ ಮುದುಕಿಯನ್ನು ಅವಳ ಸೊಸೆ ಆಟೋದಲ್ಲಿ ಕರೆತಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದಳು. ನಾನು ಕಲ್ಲು ತೆಗೆದು ಅವಳ ಮುಂದಿಟ್ಟೆ. ಅವಳು ಕುಳಿಯೊಳಗೆ ಬೆರಳು ಆಡಿಸಿ ನೋಡಿ, ಅದೇ ಅಂದಳು. ಎದುರಿನ ನೆಲಕ್ಕೆ ಹಾರೆ ಹಾಕಿದೆ. ಗಟ್ಟಿ. ಎಡಕ್ಕೆ, ಬಲಕ್ಕೆ, ಮೂರಾಳುದ್ದ ತಿವಿದೆ. ಎಲ್ಲಾ ಗಟ್ಟಿ.

ಅವಳು ಮರವನ್ನೇ ನೋಡುತ್ತಿದ್ದಳು. "ಅಷ್ಟ್ ಈಚ್ಗ ಎಲ್ಲಪ್ಪ? ಮರ್ದ ಬುಡ್ದಲ್ಲಿ ಕಣ. ಅಂವ ಸತ್ತಾಗ ಒಳ್ಗ ಜಾಗಿರ್ನಿಲ್ಲ. ಸಬೆಯೋರು ಗ್ವಾಡೆ ಬಿಚ್ಚಿ, ಆಚ್ಗ ತಳ್ಳಿ ಕಟ್ಟಿ, ಅವ್ನಿಗ ಜಾಗ ಮಾಡ್ಕೊಟ್ರು. ಆಗೆಲ್ಲ ಅಂಗೇ ಅಲ್ವಾ, ಜಾಗ ಸಾಲ್ದೇ ಓದ್ರ ಗ್ವಾಡೇನೇ ಆಚ್ಗ ಸರಿಯಾದು."

ಅಂದರೆ ಹಳೇ ಗೋಡೆಯ ಒಂದೊಂದು ಸೊಟ್ಟೂ ಒಂದೊಂದು ಗುಂಡಿ. ಮಿಕ್ಕವು ಚಿಕ್ಕವು, ಅಲ್ಲಿನ ಗುಂಡಿಗಳು ಹೇಗೋ ನನ್ನ ದಾರದ ಒಳಗೇ ಉಳಿದಿದ್ದವು. ಈ ದೊಡ್ಡ ಉಬ್ಬನ್ನು ನಾನೇ ಕಿತ್ತು, ನೇರ ಮಾಡಿ, ಅಲ್ಲಿ ನೆಲ ಮೆತ್ತಗಿದ್ದದ್ದು ಮರದ ಬೇರಿನಿಂದ ಎಂದುಕೊಂಡು ದೊಡ್ಡ ಕಲ್ಲಿನ ಪಾಯ ಹಾಕಿದ್ದೆ. ಉಳಿದ ವರಸೆಗಳನ್ನು ಇಳಿಸಿ, ಪಾಯದ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸಿ ಉರುಳಿಸಿದೆ. ಕೆಳಗಿನ ನೆಲಕ್ಕೆ ಹಾರೆ ಇಟ್ಟೆ. ಒತ್ತಲೂ ಇಲ್ಲ, ತನ್ನ ಭಾರಕ್ಕೇ ಇಳಿಯಿತು. ಅರ್ಧ ಗೋಡೆಯ ಕೆಳಗೆ, ಅರ್ಧ ಗೋಡೆಯಾಚೆ. ಮಲಗಿದವನ ಎದೆಯ ಮೇಲೆ ಗೋಡೆ ಕೂರಿಸಿದ್ದೆ.

ಮುದುಕಿಯನ್ನು ಎತ್ತಿ ತಂದು ಅಲ್ಲಿ ಕೂರಿಸಿದೆವು. ಒದ್ದೆ ಮಣ್ಣಿನ ಮೇಲೆ ಅಂಗೈ ಊರಿದಳು. "ಬಾರ ಆಯ್ತೇನೋ ಪಾಪ, ಅವ್ನಿಗ" ಅಂದಳು. ಆಮೇಲೆ, "ಪಕ್ಕದಲ್ಲಿ ನಂಗೆ ಆಯ್ತದಾ ಅಳ್ದ್ ನೋಡಪ್ಪ. ಸಣ್ಣಗಿವ್ನಿ."

ಮೊಳ ಹಾಕಿ ನೋಡಿದೆ. ಮರದ ಬೇರು ಬಿಟ್ಟರೆ ಜಾಗ ಇತ್ತು. ಆದರೆ ಇಬ್ಬರನ್ನೂ ಒಳಗೆ ತರಬೇಕಾದರೆ ಗೋಡೆ ಗಡಿಕಲ್ಲಿನಾಚೆ ಒಂದಾಳುದ್ದ ಹೋಗಬೇಕು. ಅರಣ್ಯ ಕಾವಲುಗಾರನಿಗೆ ಹೇಳಿ ಕಳಿಸಿದೆ. ಅವನು ಬಂದು ಗಡಿಕಲ್ಲು ನೋಡಿದ, ಕುರ್ಚಿಯಲ್ಲಿದ್ದ ಮುದುಕಿಯನ್ನು ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ಇಲ್ಲಿ ಮುಂಚೆ ಗೋಡೆ ಎಲ್ಲಿತ್ತು?"

"ಮರುದ್ ಆಚ್ಗ."

"ಆನೆ ಬೀಳ್ಸಿತ್ತು, ಇದ್ದ ಕಡೇನೇ ಮತ್ತೆ ಕಟ್ತಿದೀರ. ಅದ್ರಲ್ಲಿ ನಾನ್ ನೋಡೋದು ಏನಿರುತ್ತೆ?" ಅಂದು ಟೋಪಿ ಹಾಕಿಕೊಂಡು ಹೋದ.

ಹೊಸ ಪಾಯ ತೋಡಿದ ದಿನವೇ ಮಳೆ ಹಿಡಿಯಿತು, ಬಿಡಲಿಲ್ಲ. ಪಾಯದಲ್ಲಿ ನೀರು ನಿಂತಿತು. ಮೊಗೆದು ಹಾಕುತ್ತಿದ್ದಾಗ ಕೂಲಿಯವಳು ಬಂದು, "ಮೇಸ್ತ್ರಿ, ಗಂಟೆ ಕೇಳ್ನಿಲ್ವಾ?" ಅಂದಳು. ಆಗ ಕೇಳಿಸಿತು. ದೇವಾಲಯದ ಗಂಟೆ, ಒಂದೊಂದೇ ಏಟು, ನಡುವೆ ಬಹಳ ಬಿಡುವು.

ಮುದುಕಿಯ ಗುಂಡಿಯನ್ನು ಸಭೆಯವರೇ ತೋಡಿದರು, ಅದು ಅವರ ಪದ್ಧತಿ. ನಾನು ಅಂಚಿನ ಮಣ್ಣು ಕುಸಿಯದ ಹಾಗೆ ಕಲ್ಲು ಇಟ್ಟುಕೊಟ್ಟೆ. ಗೋಡೆ ಇಲ್ಲದೆ ಬಾಯಿ ತೆರೆದಿದ್ದ ಆ ಜಾಗದಲ್ಲಿ, ಕಾಡಿಗೆ ಮುಖಮಾಡಿ, ಅವಳನ್ನು ಅವನ ಪಕ್ಕ ಇಳಿಸಿದರು. ಅಯ್ಯನವರು ಕನ್ನಡದಲ್ಲೇ ಪ್ರಾರ್ಥನೆ ಓದಿದರು, ತಡವರಿಸುತ್ತ. ಬೀಸುವ ಕಲ್ಲನ್ನು ಇಬ್ಬರ ನಡುವೆ ನೆಟ್ಟರು. ಅವಳು ತಂದು ಮರೆತುಹೋಗಿದ್ದ ಸುಣ್ಣದ ಡಬ್ಬಿ ಹುಣಸೆಯ ಬುಡದಲ್ಲಿತ್ತು. ಮಳೆನೀರು ಬಿದ್ದು ಗಟ್ಟಿಯಾಗಿತ್ತು, ಬಳಿಯಲು ಬರಲಿಲ್ಲ.

ಕಲ್ಲರೆ ಹಬ್ಬದ ದಿನ ಗೋಡೆ ಅರ್ಧವೂ ಇರಲಿಲ್ಲ. ತೆರೆದ ಕಡೆ ಮುಳ್ಳು ಎಳೆದು ಹಾಕಿದ್ದೆ. ಬಿಷಪ್ಪರು ಛತ್ರಿ ಹಿಡಿದು ಬಂದರು. ಪ್ರತಿಷ್ಠೆ ಮಾಡಲು ಏನೂ ಇರಲಿಲ್ಲ. ಅಯ್ಯನವರು ಹೇಳಿದ್ದನ್ನು ಕೇಳಿಕೊಂಡು, ನೆಲ ಸಿಗದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಲ್ಲಿಗೆ ಹೋಗಿ ನಿಂತರು. ಯಾರ ಕಲ್ಲೆಂದು ಗೊತ್ತಿಲ್ಲದ ಆ ಸಾಲಿನ ಮುಂದೆ, ಕಲ್ಲು ಸಿಗದ ಮನೆಯವರು ಮೊಂಬತ್ತಿ ಹಚ್ಚಿದರು. ಹಚ್ಚಿದ್ದು ಮಳೆಗೆ ಆರುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ಕೆತ್ತಿಸಿದ ಫಲಕ ಗೋಣಿಯಲ್ಲಿ ಸುತ್ತಿಕೊಂಡೇ ದೇವಾಲಯದ ಹಿಂದಿನ ಕೋಣೆಯಲ್ಲಿ ಉಳಿಯಿತು. ಈಗಲೂ ಅಲ್ಲೇ ಇದೆ.

ಗೋಡೆ ಮುಗಿಸಿದ್ದು ಮಳೆ ಬಿಟ್ಟ ಮೇಲೆ. ಗೇಟಿನಿಂದ ಮರದವರೆಗೆ ದಾರ ಹಿಡಿದ ನೇರ, ಹಳ್ಳದ ಕಡೆಯೂ ನೇರ, ಮರದ ಹತ್ತಿರ ಮಾತ್ರ ಇಬ್ಬರು ಮಲಗುವಷ್ಟು ಉಬ್ಬು. ಉಬ್ಬಿಗೆ ಕಚ್ಚುಗಲ್ಲು ಹೆಚ್ಚು ಬೇಕು. ಅವನ್ನು ಹಾಸನೂರಿನ ಕಡೆಯಿಂದ ಹೊಸದಾಗಿ ಒಡೆಸಿ ತರಿಸಿದೆ, ಒಂದೊಂದರ ಬುಡವನ್ನೂ ನೋಡಿ ಇಟ್ಟೆ.

ಈಚೆಗೆ ಆ ಊರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ರಸ್ತೆ ಕೆಲಸಕ್ಕೆ ಬಂದ ಇಬ್ಬರು ಹೊರಗೆ ನಿಂತು ಕಲ್ಲರೆಯ ಕಡೆ ಕೈ ತೋರಿಸುತ್ತಿದ್ದರು.

"ನೋಡ್ಲಾ, ಅಲ್ಲಿಗಂಟ ಎಷ್ಟ್ ನೆಟ್ಟಗ್ ಬಂದು ಅಲ್ಲೋಗಿ ಎಂಗ್ ಸೊಟ್ಟಗ್ ಮಾಡವ್ನ. ಮಧ್ಯಾಹ್ನದ್ ಮೇಲ ಕುಡ್ದಿರ್ಬೇಕು, ಮೇಸ್ತ್ರಿ."

ಅಂಗಡಿಯವನು ನನ್ನ ಮುಖ ನೋಡಿ ಏನೋ ಹೇಳಲು ಹೊರಟ. ನಾನು ಬೇಡವೆಂದು ಕೈ ಆಡಿಸಿ, ಟೀ ಮುಗಿಸಿ, ಹಾರೆ ಎತ್ತಿಕೊಂಡು ಎದ್ದೆ.